ಕಾಕಂಬಿಯ ಸಮುದ್ರ

ನಾನು ಸಮುದ್ರವನ್ನು ಕಣ್ಣಾರೆ ಕಾಣುವ ಮೊದಲೇ ಸಮುದ್ರದ ಕೆಲಸಕ್ಕೆ ಸೇರಿದವನು. ಊರು ಮದ್ದೂರಿನ ಪಕ್ಕದ ಒಂದು ಹಳ್ಳಿ, ಕೆಲಸ ಮಂಡ್ಯದ ಸಕ್ಕರೆ ಕಾರ್ಖಾನೆಯಲ್ಲಿ ಫಿಟ್ಟರು. ಶಿಂಷಾ ಹೊಳೆಗಿಂತ ದೊಡ್ಡ ನೀರು ಅಂತ ನೋಡಿದ್ದರೆ ಅದು ಶಿವನಸಮುದ್ರದ ಕಾವೇರಿ. ಅಂಥವನು ಮುಂದೆ ಮೂವತ್ತು ಚಿಲ್ಲರೆ ವರ್ಷ ನೌಕಾಪಡೆಯ ಶೆಡ್ಡುಗಳಲ್ಲಿ, ಒಳಗೆ ಮನುಷ್ಯನಿಲ್ಲದೆ ನೀರಡಿಯಲ್ಲಿ ಓಡುವ ಯಂತ್ರಗಳನ್ನು ಬಿಚ್ಚಿ ಜೋಡಿಸಿದೆ. ಈಗ ಅದೇ ಕೆಲಸಕ್ಕೆ ಸೇರಿರುವವರು ಆಗೊಮ್ಮೆ ಈಗೊಮ್ಮೆ ಮನೆಗೆ ಬಂದು, ನಿಮ್ಮ ಕಾಲದ್ದು ಹೇಳಿ ಎನ್ನುತ್ತಾರೆ. ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎಂದು ಶುರು ಮಾಡಿದರೆ ಆಕಳಿಸುತ್ತಾರೆ. ಅವರದೇನೂ ತಪ್ಪಿಲ್ಲ, ನನಗೂ ಆಕಳಿಕೆ ಬರುತ್ತದೆ. ನಾನು ಮಾಡಿದ ತಪ್ಪು ಹೇಳಿದರೆ ಮಾತ್ರ ಕಾಫಿ ಆರಿಹೋಗುವುದೂ ಗೊತ್ತಾಗದೆ ಕೂರುತ್ತಾರೆ. ಅದಕ್ಕೇ ಅದನ್ನೇ ಬರೆದಿಡುತ್ತಿದ್ದೇನೆ. ತಪ್ಪು ದೊಡ್ಡದು. ಆದರೆ ಕೊನೆಗೆ ಗೆದ್ದೆವು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಆ ಗೆಲುವನ್ನು ನೆನೆದರೆ ಈಗಲೂ ಎದೆ ಉಬ್ಬುತ್ತದೆ, ಅದನ್ನು ಮುಚ್ಚಿಟ್ಟುಕೊಳ್ಳುವಷ್ಟು ದೊಡ್ಡ ಮನುಷ್ಯ ನಾನಲ್ಲ.

ಜಪಾನಿನವರು ಬರ್ಮಾ ಹಿಡಿದ ಮೇಲಿನ ಮಾತು. ಬಂದರುಗಳ ಬಾಯಲ್ಲಿ ಶತ್ರುಗಳು ನೀರಡಿಗೆ ಸಿಡಿಗುಂಡು ಬಿಟ್ಟು ಹೋಗಿದ್ದಾರೋ ಏನೋ ಎಂಬ ಭಯ ಆಗ ಎಲ್ಲರಿಗೂ ಇತ್ತು. ಮುಳುಗುವವರನ್ನು ಕಳಿಸಿದರೆ ಜೀವಕ್ಕೆ ಅಪಾಯ. ಹಾಗಾಗಿ ತಾನೇ ಹೋಗಿ, ತಳದ ಫೋಟೋ ತೆಗೆದುಕೊಂಡು, ತಾನೇ ತಿರುಗಿ ಬರುವ ಒಂದು ಯಂತ್ರ ಮಾಡಿ ನೋಡೋಣ ಎಂದು ನೌಕಾಪಡೆಯವರು ಹೊರಟರು. ಕರಾವಳಿಯಲ್ಲಿ ಮಾಡಿದರೆ ಬಾಂಬು ಬಿದ್ದೀತು. ಮಂಡ್ಯದಲ್ಲಿ ಕರೆಂಟಿತ್ತು, ಲೇತ್ ಮೇಲೆ ಕೈ ಪಳಗಿದವರಿದ್ದರು, ಮಳವಳ್ಳಿಯಲ್ಲಿ ಬಿಟ್ಟು ನೋಡಲು ಒಳ್ಳೆ ದೊಡ್ಡ ಕೆರೆಯಿತ್ತು. ರೈಲ್ವೆ ಸ್ಟೇಷನ್ನಿನ ಹಿಂದೆ ಒಂದು ತಗಡಿನ ಶೆಡ್ಡು ಎದ್ದಿತು. ಕಾರ್ಖಾನೆಯಿಂದ ಕೆಲವರನ್ನು ಆರಿಸಿಕೊಂಡರು, ಅದರಲ್ಲಿ ನಾನೂ ಒಬ್ಬ. ಕಾಗದದ ಮೇಲೆ ಯಂತ್ರಕ್ಕೆ ಬರೀ ನಂಬರಿತ್ತು. ನಾವು ಅದನ್ನು ಹಾವುಮೀನು ಎನ್ನುತ್ತಿದ್ದೆವು.

ಹತ್ತಡಿ ಉದ್ದದ ಉಕ್ಕಿನ ಕೊಳವೆ ಅದು. ಹೊಟ್ಟೆಯೊಳಗೆ ಬ್ಯಾಟರಿ, ಮೋಟರು. ಬಾಲದಲ್ಲಿ ನೀರು ತಳ್ಳುವ ಫ್ಯಾನು, ಚುಕ್ಕಾಣಿ. ಮೂತಿಯಲ್ಲಿ ದಪ್ಪ ಗಾಜು, ಗಾಜಿನ ಹಿಂದೆ ಕ್ಯಾಮೆರಾ, ಒಂದು ದೀಪ. ಒಳಗಿನ ಗಡಿಯಾರಕ್ಕೆ ಕೀಲಿ ಕೊಟ್ಟು ಬಿಟ್ಟರೆ ಇಷ್ಟು ನಿಮಿಷ ನೆಟ್ಟಗೆ ಹೋಗಿ, ಚುಕ್ಕಾಣಿ ತಿರುಗಿಸಿಕೊಂಡು ಬಂದು, ಕೊನೆಗೆ ಮೇಲೇಳಬೇಕು. ತೂಕ ಸರಿದೂಗಿಸಲು ಹೊಟ್ಟೆಯ ಉದ್ದಕ್ಕೂ ಸೀಸದ ಗಟ್ಟಿಗಳನ್ನು ಬೋಲ್ಟ್ ಹಾಕಿ ಕೂರಿಸಿದ್ದೆವು. ಈ ಸೀಸದ ಗಟ್ಟಿಗಳನ್ನು ನೆನಪಿಟ್ಟುಕೊಳ್ಳಿ, ನನ್ನ ಕಥೆಯೆಲ್ಲ ಇರುವುದು ಅವುಗಳ ಮೇಲೆಯೇ.

ಮೇಲಿನವರು ಇಬ್ಬರು. ಪಿಂಟೊ ಸಾಹೇಬರು ಮಂಗಳೂರಿನ ಕಡೆಯವರು, ನೌಕಾಪಡೆಯ ಇಂಜಿನಿಯರು. ಲೆಕ್ಕದಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಆದರೆ ಒಂದು ಕೊರತೆ, ಹೀಗೆ ಮಾಡು ಎನ್ನುವರೇ ಹೊರತು ಏಕೆ ಎಂದು ಹೇಳುತ್ತಿರಲಿಲ್ಲ. ಹೇಳುವ ಅಗತ್ಯವಿದೆ ಎಂದೇ ಅವರಿಗೆ ತೋರುತ್ತಿರಲಿಲ್ಲ. ಅವರ ಕೆಳಗೆ ಪುಟ್ಟಸ್ವಾಮಯ್ಯ ಮೇಸ್ತ್ರಿ, ಮಂಡ್ಯದವರೇ. ನನಗೆ ಅರ ಹಿಡಿಯಲು ಕಲಿಸಿದ ಗುರು. ಯಾವ ಕೆಲಸವೇ ಆಗಲಿ, ಪ್ರತಿಯೊಂದು ನಟ್ಟನ್ನೂ ತಮ್ಮ ಬೆರಳಲ್ಲಿ ಮುಟ್ಟಿ ನೋಡಿದ ಮೇಲೇ, ಯಂತ್ರದೊಳಗೆ ಏನೇನಿದೆ ಎಂದು ಬರೆದ ತೂಕದ ಹಾಳೆಗೆ ಸಹಿ ಹಾಕುತ್ತಿದ್ದರು. ಪುಟ್ಟಸ್ವಾಮಯ್ಯನ ಸಹಿ ಇದ್ದರೆ ಪಿಂಟೊ ಸಾಹೇಬರು ಮತ್ತೆ ತೆರೆದು ನೋಡುತ್ತಿರಲಿಲ್ಲ, ಅಂಥ ಸಹಿ ಅದು.

ಪೆಟ್ರೋಲಿಗೆ ಬರ ಬಂದಿದ್ದ ಕಾಲ. ನಮ್ಮದು ಇದ್ದಿಲ ಗ್ಯಾಸಿನ ಲಾರಿ, ಬೆನ್ನಿಗೊಂದು ಒಲೆ ಕಟ್ಟಿಕೊಂಡು ಕೆಮ್ಮುತ್ತಾ ಹೋಗುತ್ತಿತ್ತು. ಮಂಡ್ಯದಿಂದ ಮದ್ದೂರು, ಅಲ್ಲಿಂದ ಬಲಕ್ಕೆ ತಿರುಗಿ ಮಳವಳ್ಳಿ. ಸ್ವಲ್ಪ ಏರು ಬಂದರೂ ಇಳಿದು ತಳ್ಳಬೇಕು. ಶತ್ರುವಿನ ಗುಟ್ಟು ತಿಳಿಯಲು ಹುಟ್ಟಿದ ಯಂತ್ರವನ್ನು ನಾಲ್ವರು ಬೆವರು ಸುರಿಸಿಕೊಂಡು ತಳ್ಳುವುದು ನೋಡಿ, ಪಕ್ಕದಲ್ಲಿ ಹೋಗುತ್ತಿದ್ದ ಎತ್ತಿನ ಗಾಡಿಯವರು ಹಗ್ಗ ಕೊಡಲೇನು ಎಂದು ಕೇಳಿದ್ದುಂಟು.

ಮಳವಳ್ಳಿಯಲ್ಲಿ ಯಾರಾದರೂ ಕೇಳಿದರೆ ಕೆರೆಯ ಆಳ ಅಳೆಯುವ ಮಿಷನ್ನು ಎಂದು ಹೇಳಬೇಕೆಂದು ಅಪ್ಪಣೆಯಾಗಿತ್ತು. ಮೊದಲು ನಾಲ್ಕಾರು ಸಲ ಹಾವುಮೀನು ಜೊಂಡಿಗೆ ಸಿಕ್ಕಿತು, ಒಂದು ಸಲ ಗಡಿಯಾರ ಕೆಟ್ಟು ಎದುರು ದಡಕ್ಕೆ ಹೋಗಿ ಮೂತಿ ಗುದ್ದಿಕೊಂಡಿತು. ಆಮೇಲೆ ಒಂದು ದಿನ ಹೋದದ್ದು ಹೋದ ದಾರಿಯಲ್ಲೇ ತಿರುಗಿ ಬಂತು. ಫಿಲಂ ತೊಳೆದು ನೋಡಿದರೆ ಎಲ್ಲ ಬರೀ ಮಸುಕು, ಒಂದರಲ್ಲಿ ಮಾತ್ರ ಸೊಗಸಾಗಿ ಮೂಡಿದ್ದವು ಎಮ್ಮೆಯ ನಾಲ್ಕು ಕಾಲುಗಳು. ನಾವು ಕುಣಿದಾಡಿದೆವು. ಮೇಸ್ತ್ರಿ ಅದನ್ನು ಶೆಡ್ಡಿನ ಗೋಡೆಗೆ ಅಂಟಿಸಿದರು. ಮುಂದಿನ ವಾರ ಕೆರೆ ಏರಿಯ ಮೇಲೆ ಒಬ್ಬ ಹೆಂಗಸು ನಮ್ಮ ಲಾರಿ ನಿಲ್ಲಿಸಿ ಕೇಳಿದಳು:

"ಏನ್ ಸಾಮಿ, ನಮ್ಮೆಮ್ಮೆ ಕಾಲ್ನ ಪಟ ತಗುದ್ರಂತೆ? ಮೊಕದ್ದೂ ಒಂದ್ ತಗೀಬಾರ್ದಿತ್ತಾ?"

ಗುಟ್ಟಿನ ಕೆಲಸ ಎಂಬುದು ಅಷ್ಟರಮಟ್ಟಿಗೆ ಗುಟ್ಟಾಗಿತ್ತು.

ಎಮ್ಮೆ ಕಾಲು ನೋಡಿದ ಮೇಲೆ ಪಿಂಟೊ ಸಾಹೇಬರು ಇನ್ನು ಸಮುದ್ರಕ್ಕೆ ಹೋಗೋಣ ಎಂದರು. ಕಾಗದದ ಮೇಲೆ ಏನೋ ಲೆಕ್ಕ ಹಾಕಿ, ಎರಡು ಹೊಸ ಸೀಸದ ಗಟ್ಟಿ ಎರಕ ಹೊಯ್ಯಿಸಿ, ಹಾವುಮೀನಿನ ಹೊಟ್ಟೆಗೆ ಸೇರಿಸಿದರು. ಒಂದೊಂದೂ ಒಳ್ಳೆ ಬೂದುಗುಂಬಳದಷ್ಟು ತೂಕ. ಬಂದರಿನಲ್ಲಿ ಏರ್ಪಾಡು ಮಾಡಲು ತಾವು ಮುಂದಾಗಿ ಹೊರಟರು. ಹೊರಡುವಾಗ ಹೇಳಿದ್ದು ಎರಡೇ ಮಾತು.

"ಸೀಸ ಮುಟ್ಟುವುದು ಬೇಡ ಮೇಸ್ತ್ರಿ. ಇನ್ನು ಕೆರೆಗೆ ಇಳಿಸುವುದೂ ಬೇಡ."

ಏಕೆ ಎಂದು ಅವರು ಹೇಳಲಿಲ್ಲ, ನಾವು ಕೇಳಲಿಲ್ಲ.

ಅವರು ಹೋದ ನಾಲ್ಕನೇ ದಿನ ಮದ್ದೂರು ಕಡೆಯಿಂದ ಒಂದು ಕಾರು ಬಂತು. ಇಳಿದವರು ಬಿಳಿ ಉಡುಪಿನ ಇಂಗ್ಲಿಷ್ ಅಧಿಕಾರಿ, ಪಿಂಟೊ ಸಾಹೇಬರಿಗೂ ಮೇಲಿನವರು. ನಾವು ಅವರನ್ನು ದೊಡ್ಡ ಸಾಹೇಬ ಎನ್ನುತ್ತಿದ್ದೆವು. ಬೆಂಗಳೂರಿಗೆ ಬಂದಿದ್ದವರು ಹಾಗೇ ನೋಡಿಹೋಗಲು ಬಂದಿದ್ದರು. ಕೆರೆಗೆ ಬಿಟ್ಟು ತೋರಿಸಿ ಎಂದರು. ಪಿಂಟೊ ಸಾಹೇಬರು ಬೇಡ ಎಂದಿದ್ದಾರೆ ಎಂದು ಮೇಸ್ತ್ರಿ ತಮಗೆ ಬರುವ ಇಂಗ್ಲಿಷಿನಲ್ಲಿ ಹೇಳಿ ನೋಡಿದರು. ದೊಡ್ಡ ಸಾಹೇಬರ ಮುಖ ಕೆಂಪಾಯಿತು. ಲಾರಿಗೆ ಇದ್ದಿಲು ತುಂಬಿಸಿದೆವು.

ಮಳವಳ್ಳಿ ಕೆರೆಗೆ ಇಳಿಸಿದ ಕೂಡಲೇ ಹಾವುಮೀನು ಮೂತಿ ಕೆಳಗೆ ಮಾಡಿ ಸೀದಾ ತಳಕ್ಕೆ ಹೋಗಿ ಕೆಸರಲ್ಲಿ ಕೂತಿತು. ಹಗ್ಗ ಹಾಕಿ ಎಳೆದೆವು. ಮತ್ತೆ ಬಿಟ್ಟೆವು, ಮತ್ತೆ ಕೂತಿತು. ಮೇಸ್ತ್ರಿಯ ಹಣೆಯಲ್ಲಿ ಬೆವರು. ದೊಡ್ಡ ಸಾಹೇಬರನ್ನು ಏರಿಯ ಮೇಲಿನ ಮರದ ನೆರಳಿಗೆ ಕರೆದುಕೊಂಡು ಹೋಗಿ ಎಳನೀರು ಕೊಡಿಸುತ್ತಾ, ನನ್ನ ಕಡೆ ನೋಡಿ, ಏನಾದರೂ ಮಾಡು ಎಂದು ಕಣ್ಣಲ್ಲೇ ಬೇಡಿಕೊಂಡರು. ನನಗೆ ಕಂಡದ್ದು ಒಂದೇ. ಹೋದ ವಾರ ಈ ಎರಡು ಗಟ್ಟಿ ಇರಲಿಲ್ಲ, ಚೆನ್ನಾಗಿ ಓಡಿತ್ತು. ಈಗ ಇವೆ, ಓಡುತ್ತಿಲ್ಲ. ಇದಕ್ಕೆ ದೊಡ್ಡ ಓದು ಬೇಕೆ? ಸಾಹೇಬರು ಲೆಕ್ಕ ತಪ್ಪಿದ್ದಾರೆ! ಮುಚ್ಚಳ ಬಿಚ್ಚಿ, ಎರಡು ಗಟ್ಟಿಗಳನ್ನೂ ತೆಗೆದು ನನ್ನ ಸಾಮಾನಿನ ಪೆಟ್ಟಿಗೆಗೆ ಹಾಕಿ, ಮೇಲೆ ಹತ್ತಿ ಬಟ್ಟೆ ಮುಚ್ಚಿದೆ.

ಹಾವುಮೀನು ಅಂದು ಓಡಿದ ಹಾಗೆ ಎಂದೂ ಓಡಿರಲಿಲ್ಲ. ದೊಡ್ಡ ಸಾಹೇಬರು ಕೈ ತಟ್ಟಿದರು. ಒಂದು ಸ್ಕ್ರೂ ಕೂಡ ಮುಟ್ಟದೆ ಹೀಗೇ ಪೆಟ್ಟಿಗೆಗೆ ಹಾಕಿ, ನಾಳೆಯೇ ರೈಲಿಗೆ ಏರಿಸಿ ಎಂದು ಅಪ್ಪಣೆ ಕೊಟ್ಟು, ಕಾರಿನ ಮೂತಿಯ ಮೇಲೆಯೇ ತೂಕದ ಹಾಳೆ ಇಟ್ಟು ಮೇಸ್ತ್ರಿಗೆ ಸಹಿ ಹಾಕಲು ಹೇಳಿದರು. ಎಲ್ಲವನ್ನೂ ಮುಟ್ಟಿ ನೋಡುವಷ್ಟು ಹೊತ್ತು ಅವರು ಕೊಡುವಂತಿರಲಿಲ್ಲ. ಮೇಸ್ತ್ರಿ ನನ್ನ ಕಡೆ ತಿರುಗಿದರು.

"ಎಲ್ಲಾ ಇದ್ದಂಗೇ ಅದೇನ್ಲಾ ಬೋರ?"

"ಅದೆ ಮೇಸ್ತ್ರಿ" ಅಂದೆ.

ಅವರು ಸಹಿ ಹಾಕಿದರು. ಬದುಕಿನಲ್ಲಿ ಒಂದೇ ಒಂದು ಸಲ ಮುಟ್ಟಿ ನೋಡದೆ ಹಾಕಿದ ಸಹಿ, ನನ್ನ ಬಾಯಿ ಮಾತು ನಂಬಿ ಹಾಕಿದ್ದು.

ಬಂದರು ಯಾವುದೆಂದು ಬರೆಯುವುದಿಲ್ಲ. ಹೇಳಬಾರದೆಂದು ಆಗ ಬರೆದುಕೊಟ್ಟಿದ್ದೆವು, ಆ ಅಭ್ಯಾಸ ಇನ್ನೂ ಹೋಗಿಲ್ಲ. ಸಮುದ್ರ ನೋಡಿದ ಮೊದಲ ದಿನ ಅದು. ನೋಡಿ ಸಂತೋಷಪಡುವಷ್ಟು ಪುರುಸೊತ್ತು ಸಿಗಲಿಲ್ಲ. ಕ್ರೇನಿನಿಂದ ಇಳಿಸಿದ ಹಾವುಮೀನು ಮುಳುಗಲೇ ಇಲ್ಲ. ಬೆನ್ನು ಪೂರ್ತಿ ಮೇಲೆ ಬಿಟ್ಟುಕೊಂಡು, ಬಿಸಿಲಲ್ಲಿ ಹೊಳೆಯುತ್ತಾ, ಅರ್ಧ ಫ್ಯಾನು ಗಾಳಿಯಲ್ಲಿ ಅರ್ಧ ನೀರಲ್ಲಿ ಬಡಿಯುತ್ತಾ, ಅಧಿಕಾರಿಗಳ ಸಾಲಿನ ಮುಂದೆಯೇ ಮೆರವಣಿಗೆ ಹೋಯಿತು. ಕದ್ದು ನೋಡಿ ಬರಬೇಕಾದ ಯಂತ್ರ! ಮೀನು ಹಿಡಿಯುವ ದೋಣಿಯವನೊಬ್ಬ ಅದಕ್ಕೆ ಹುಟ್ಟಿನಿಂದ ತಿವಿದು ದಾರಿ ಬಿಡಿಸಿಕೊಂಡ.

ಅಂದು ಸಂಜೆಯೇ ವಿಚಾರಣೆ. ಪಿಂಟೊ ಸಾಹೇಬರು ಮುಚ್ಚಳ ತೆಗೆದು, ಎರಡು ಖಾಲಿ ಜಾಗ ನೋಡಿ, ಹಾಳೆಯ ಸಹಿ ನೋಡಿ, ಪುಟ್ಟಸ್ವಾಮಯ್ಯನವರ ಮುಖ ನೋಡಿದರು. ಮೇಸ್ತ್ರಿಗೂ ಆಗಲೇ ಗೊತ್ತಾದದ್ದು. ನನ್ನ ಕಡೆ ಒಂದು ಸಲ ನೋಡಿದರು ಅಷ್ಟೆ.

"ಸೈನ್ ನಂದು. ತಪ್ಪೂ ನಂದೇ" ಅಂದರು.

ನಾನು ಬಾಯಿ ತೆರೆಯಲಿಲ್ಲ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಕೆಲಸ ಹೋದೀತೆಂದು ಹೆದರಿದೆ. ಮೂರು ವಾರ ಬಿಟ್ಟು ಇನ್ನೊಂದು ಅವಕಾಶ, ಆಗಲೂ ಸೋತರೆ ಶೆಡ್ಡಿಗೆ ಬೀಗ ಎಂದರು ದೊಡ್ಡ ಸಾಹೇಬರು. ಗೆದ್ದರೂ ಸೋತರೂ ಸುಳ್ಳು ಸಹಿ ಹಾಕಿದ ಮೇಸ್ತ್ರಿ ಮನೆಗೆ ಹೋಗಬೇಕು, ಅವರ ಹೆಸರಿನ ಮುಂದೆ ಹಾಗೆಂದೇ ಬರೆದು ಕಳಿಸಬೇಕು. ಇನ್ನೂ ದೂರ ಹೋಗುವಂತೆ ಬ್ಯಾಟರಿಗಳನ್ನೂ ಹೆಚ್ಚಿಸಬೇಕು ಎಂದು ಹೊಸ ಕೆಲಸ ಬೇರೆ ಹಚ್ಚಿದರು.

ರೈಲಿನಲ್ಲಿ ಮೇಸ್ತ್ರಿ ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಮಂಡ್ಯದವರೆಗೆ ಅವರ ಎದುರು ಕೂರಲಾರದೆ ಮದ್ದೂರಿನಲ್ಲೇ ಇಳಿದು, ನಮ್ಮೂರಿನ ಕೆಂಚಪ್ಪ ಮಾವನ ಆಲೆಮನೆಗೆ ಹೋದೆ. ಕೆಂಚಪ್ಪ ನನ್ನ ತಾಯಿಯ ತಮ್ಮ, ಸುತ್ತಮುತ್ತ ಬೆಲ್ಲದ ಪಾಕ ನೋಡುವುದರಲ್ಲಿ ಹೆಸರಾದವನು. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುತ್ತಿತ್ತು. ಮಾವನದೊಂದು ಪದ್ಧತಿ ಇತ್ತು. ಹಾಲು ಬಿಸಿಯಾಗುವಾಗಲೇ ನಾಲ್ಕು ಗೆಣಸು ಹಾಕಿಬಿಡುವನು. ತಿನ್ನಲೂ ಆಯಿತು, ಪಾಕ ನೋಡಲೂ ಆಯಿತು. ಗೆಣಸು ಮೊದಲು ತಳಕ್ಕೆ ಹೋಗುತ್ತದೆ. ಹಾಲು ಗಟ್ಟಿಯಾಗುತ್ತಾ ಬಂದಂತೆ ತಾನಾಗಿ ಮೇಲೇಳುತ್ತದೆ. ಹುಟ್ಟಿದಾಗಿನಿಂದ ನೋಡಿದ್ದೆ, ಯಾವತ್ತೂ ಯೋಚಿಸಿರಲಿಲ್ಲ. ಅಂದು ಗೆಣಸು ಬುಳಕ್ಕನೆ ಎದ್ದಾಗ ನಾನೂ ಎದ್ದು ನಿಂತೆ.

"ಮಾವ, ಗೆಣಸು ಯಾಕ್ ಮ್ಯಾಕ್ ಬಂತು?"

"ಯಾಕ್ಲಾ, ತಲೆ ಕೆಟ್ಟದಾ? ಆಲು ಮಂದ ಆಯ್ತು, ಎತ್ಕತು. ನೀರ್ಗಾದ್ರೆ ಎಲ್ಲದೆ ಆ ಶಕ್ತಿ?"

"ಉಪ್ಪುನೀರಾದ್ರೆ?"

"ಉಪ್ಪು ಕರಗುದ್ರೂ ಮಂದವೇ ಅಲ್ವೇನ್ಲಾ."

ಕಬ್ಬಿನ ಹಾಲಿನ ನಡುವೆ ಹುಟ್ಟಿ ಬೆಳೆದು, ಕಾರ್ಖಾನೆಯಲ್ಲಿ ರಸದ ಮಂದ ಅಳೆಯುವ ಗಾಜಿನ ಕಡ್ಡಿಯನ್ನು ದಿನಕ್ಕೆ ಹತ್ತು ಸಲ ನೋಡಿದವನಿಗೆ ಇದು ಹೊಳೆದಿರಲಿಲ್ಲ! ಸಿಹಿನೀರಿನವನ ದಡ್ಡತನ. ಸಮುದ್ರದ ನೀರು ಮಂದ, ಮೇಲಕ್ಕೆ ಎತ್ತುತ್ತದೆ, ಅದಕ್ಕೇ ಸಾಹೇಬರು ಎರಡು ಗಟ್ಟಿ ಹೆಚ್ಚು ಹಾಕಿದ್ದು. ಅವನ್ನು ತೆಗೆದು ಪೆಟ್ಟಿಗೆಯಲ್ಲಿ ಬಚ್ಚಿಟ್ಟ ಮಹಾ ಬುದ್ಧಿವಂತ ನಾನು. ಗೆಣಸು ತಿನ್ನಲೂ ನಿಲ್ಲದೆ ಮೊದಲ ಬಸ್ಸು ಹಿಡಿದೆ.

ಶೆಡ್ಡಿನಲ್ಲಿ ಪಿಂಟೊ ಸಾಹೇಬರೂ ಮೇಸ್ತ್ರಿಯೂ ಮೇಜಿನ ಎರಡು ಕಡೆ ಕೂತಿದ್ದರು. ನನ್ನ ಸಾಮಾನಿನ ಪೆಟ್ಟಿಗೆಯಿಂದ ಎರಡು ಗಟ್ಟಿ ತೆಗೆದು ಅವರ ನಡುವೆ ಇಟ್ಟೆ.

"ತಗುದ್ದು ನಾನು ಸಾಹೇಬ್ರೆ. ಇದ್ದಂಗೇ ಅದೆ ಅಂತ ಮೇಸ್ತ್ರಿಗೆ ಸುಳ್ಳು ಹೇಳುದ್ದೂ ನಾನೇ. ಅವರ ಹೆಸರು ತಗುದು ನನ್ನ ಹೆಸರು ಬರೀರಿ."

"ಸುಮ್ಕಿರ್ಲಾ" ಎಂದು ಮೇಸ್ತ್ರಿ ಗದರಿದರು. "ಮುಟ್ಟಿ ನೋಡ್ದೆ ಸೈನ್ ಮಾಡುದ್ದು ನಂದೇ ತಪ್ಪು. ನಿಂಗಿನ್ನೂ ವಯಸ್ಸದೆ, ಕೆಲ್ಸ ಕಳ್ಕಬ್ಯಾಡ."

ಪಿಂಟೊ ಸಾಹೇಬರು ಗಟ್ಟಿಗಳನ್ನು ತಿರುಗಿಸಿ ತಿರುಗಿಸಿ ನೋಡಿದರು. "ಹೆಚ್ಚಿನ ಸೀಸ ಎಂತಕ್ಕೆ ಎಂದು ಈಗ ಗೊತ್ತುಂಟಾ ನಿನಗೆ?"

"ಗೊತ್ತು. ಸಮುದ್ರದ ನೀರು ಮಂದ."

"ಯಾರು ಹೇಳಿದ್ದು?"

"ಗೆಣಸು ಸಾಹೇಬ್ರೆ" ಎಂದು ಆಲೆಮನೆಯದೆಲ್ಲ ಹೇಳಿದೆ. ಅವರು ನಗಲಿಲ್ಲ. ಗಟ್ಟಿಗಳನ್ನು ಮೇಜಿನ ಮೇಲಿಟ್ಟು, "ಅದನ್ನು ನಾನು ಹೇಳಬೇಕಿತ್ತು ಮಾರಾಯ. ಒಂದು ಮಾತು ಹೇಳಿದ್ದರೆ ನೀನು ಮುಟ್ಟುತ್ತಿರಲಿಲ್ಲ" ಎಂದರು. ನನ್ನ ತಪ್ಪೊಪ್ಪಿಗೆಯನ್ನು ಬರೆಸಿಕೊಂಡು ಜೇಬಿಗೆ ಹಾಕಿಕೊಂಡರು. ಪರೀಕ್ಷೆಯ ದಿನ ದೊಡ್ಡ ಸಾಹೇಬರ ಮುಂದೆ ಇದನ್ನು ಓದುತ್ತೇನೆ, ಅಂದು ಹಾವುಮೀನು ಸರಿಯಾಗಿ ಓಡಿದರೆ ನಿಮ್ಮಿಬ್ಬರ ಪರ ಮಾತಾಡಲು ನನಗೆ ಬಾಯಿರುತ್ತದೆ, ಇಲ್ಲದಿದ್ದರೆ ಇಲ್ಲ ಎಂದರು. ಮೇಸ್ತ್ರಿಯ ಮಾನ ಈಗ ಆ ಹತ್ತಡಿ ಕೊಳವೆಯಲ್ಲಿತ್ತು.

ಎರಡು ಗಟ್ಟಿ ಮತ್ತೆ ಕೂರಿಸಿದರೆ ಮುಗಿಯಿತಲ್ಲ ಎನ್ನುತ್ತೀರಿ. ಇಲ್ಲ. ಹೊಸ ಬ್ಯಾಟರಿಗಳು ಬಂದು ತೂಕವೂ ಬದಲಾಗಿತ್ತು, ಮೂತಿ ಬಾಲದ ಸಮತೋಲವೂ ಬದಲಾಗಿತ್ತು. ಲೆಕ್ಕ ಹಾಕಬಹುದು, ಆದರೆ ಇಳಿಸಿ ನೋಡದೆ ನಂಬುವಂತಿಲ್ಲ. ಸಮುದ್ರ ನಮಗೆ ಸಿಗುವುದು ಒಂದೇ ದಿನ. ಗುಂಡಿ ತೋಡಿ ಉಪ್ಪು ಕರಗಿಸೋಣ ಎಂದು ಸಾಹೇಬರು ಮೂಟೆಗಟ್ಟಲೆ ಉಪ್ಪಿಗೆ ಬರೆದರು. ಯುದ್ಧಕಾಲದಲ್ಲಿ ಅಷ್ಟು ಉಪ್ಪು ಯಾವ ಅಡುಗೆಗೆ ಎಂದು ಕೇಳಿ ಉತ್ತರ ಬಂತು. ಅದಕ್ಕೆ ಉತ್ತರ ಬರೆದು, ಅದರ ಉತ್ತರ ಬರುವಷ್ಟರಲ್ಲಿ ನಮ್ಮ ಮೂರು ವಾರ ಮುಗಿದಿರುತ್ತಿತ್ತು.

"ಮಂದ ಆದ್ರೆ ಸಾಕಲ್ವಾ ಸಾಹೇಬ್ರೆ?" ಎಂದೆ. "ಉಪ್ಪೇ ಯಾಕೆ? ಕಾಕಂಬಿ ಹಾಕಾನ."

ಕಾಕಂಬಿ ಗೊತ್ತಿಲ್ಲದವರಿಗೆ ಹೇಳುತ್ತೇನೆ, ಸಕ್ಕರೆ ತೆಗೆದ ಮೇಲೆ ಕಾರ್ಖಾನೆಯಲ್ಲಿ ಉಳಿಯುವ ಕಪ್ಪು ಪಾಕ. ಮಂಡ್ಯದಲ್ಲಿ ಅದಕ್ಕೇನು ಕೊರತೆ! ಸಾಹೇಬರು ನನ್ನ ಮುಖವನ್ನೇ ನೋಡಿದರು. ಆಮೇಲೆ ಪೆನ್ಸಿಲ್ ತೆಗೆದು ಲೆಕ್ಕ ಹಾಕತೊಡಗಿದರು. ಹಾಕುತ್ತಾ ಹಾಕುತ್ತಾ ಅವರ ಮೀಸೆ ಅಲುಗಿತು. "ನಾಲ್ಕು ಡ್ರಮ್ಮು ಸಾಕು" ಎಂದು ಎದ್ದು ನಿಂತರು.

ಶೆಡ್ಡಿನ ಹಿಂದೆ ಹಾವುಮೀನಿಗಿಂತ ಉದ್ದದ ಗುಂಡಿ ತೋಡಿ, ಇಟ್ಟಿಗೆ ಕಟ್ಟಿ, ಗಾರೆ ಬಳಿದು, ನಾಲೆಯ ನೀರು ತುಂಬಿದೆವು. ಕಾಕಂಬಿಯ ಡ್ರಮ್ಮುಗಳು ಗಾಡಿಯಲ್ಲಿ ಬಂದವು. ಕಲಕಲು ಕೆಂಚಪ್ಪ ಮಾವ ಆಲೆಮನೆಯ ಉದ್ದ ಹುಟ್ಟುಗಳನ್ನು ಹೆಗಲ ಮೇಲೆ ಹೊತ್ತು ತಾನೇ ಬಂದ. ಪಿಂಟೊ ಸಾಹೇಬರು ಬಂದರಿನಿಂದ ಒಂದು ಸೀಸೆ ಸಮುದ್ರದ ನೀರು ತಂದಿದ್ದರು. ಕಾರ್ಖಾನೆಯಿಂದ ಎರವಲು ತಂದ ಗಾಜಿನ ಕಡ್ಡಿಯನ್ನು ಅದರಲ್ಲಿ ಬಿಟ್ಟು, ಎಲ್ಲಿಯವರೆಗೆ ಮುಳುಗುತ್ತದೆಂದು ನೂಲು ಸುತ್ತಿ ಗುರುತು ಮಾಡಿದೆವು. ಗುಂಡಿಯ ನೀರಲ್ಲೂ ಅಲ್ಲಿಯವರೆಗೇ ಮುಳುಗಬೇಕು. ಸುರಿಯುವುದು, ಕಲಕುವುದು, ಕಡ್ಡಿ ಬಿಡುವುದು. ಮಧ್ಯಾಹ್ನದ ಹೊತ್ತಿಗೆ ಕಡ್ಡಿ ನೂಲಿಗೆ ಬಂದು ನಿಂತಿತು.

ಮಾವ ಒಂದು ಬೆರಳು ಅದ್ದಿ ನೆಕ್ಕಿ ಮುಖ ಕಿವುಚಿದ. "ಇಂತಾ ತೆಳು ಪಾಕವ ನನ್ ಜನ್ಮದಲ್ಲೇ ಮಾಡಿರ್ನಿಲ್ಲ ಕಣ್ಲಾ. ಇದೇನ್ಲಾ ಸಮುದ್ರ ಅಂದ್ರೆ?"

ಹಾವುಮೀನನ್ನು ಇಳಿಸಿದೆವು. ಮುಳುಗಿತು, ಆದರೆ ಮೂತಿ ನಾಲ್ಕು ಬೆರಳು ಮೇಲೆ! ಹಾಗೇ ಬಂದರಿಗೆ ಹೋಗಿದ್ದರೆ ಮತ್ತದೇ ಮೆರವಣಿಗೆ ಆಗುತ್ತಿತ್ತು. ಒಂದು ಗಟ್ಟಿಯನ್ನು ಬಾಲದ ಕಡೆಯಿಂದ ಮೂತಿಯ ಕಡೆಗೆ ಸರಿಸಿದೆವು, ಇನ್ನೊಂದನ್ನು ಅರ ಹಾಕಿ ಕೆರೆದೆವು, ಮತ್ತೆ ಇಳಿಸಿದೆವು. ಎರಡು ದಿನ ಮೈ ಕೈ ತಲೆಗೂದಲೆಲ್ಲ ಅಂಟು. ಇರುವೆ, ನೊಣ, ಕಣಜಗಳ ಜಾತ್ರೆ. ಮೂರನೇ ದಿನ ಗುಂಡಿ ನೊರೆಯೆದ್ದು ಹುಳಿ ವಾಸನೆ ಹೊಡೆಯತೊಡಗಿತು. ನಾಲ್ಕನೇ ದಿನ ಅಬಕಾರಿ ಇನ್ಸ್‌ಪೆಕ್ಟರು ಮೂಗಿನ ಜಾಡು ಹಿಡಿದು ಬಂದೇಬಿಟ್ಟರು, ಶೆಡ್ಡಿನಲ್ಲಿ ಕಳ್ಳ ಸಾರಾಯಿ ಕಾಯಿಸುತ್ತಿದ್ದೇವೆಂದು! ಬಂದೂಕಿನ ಕಾವಲುಗಾರನನ್ನು, ನೊರೆಯಲ್ಲಿ ಮಲಗಿದ ಹತ್ತಡಿ ಉಕ್ಕಿನ ಮೀನನ್ನು ನೋಡಿ ಟೋಪಿ ತೆಗೆದು ಹಾಗೇ ಹಿಂದಕ್ಕೆ ಹೋದರು. ಅಷ್ಟರಲ್ಲಿ ನಮ್ಮ ಕೆಲಸ ಮುಗಿದಿತ್ತು. ಹಾವುಮೀನು ಮಟ್ಟಸವಾಗಿ, ಎಲ್ಲಿ ಬಿಟ್ಟರೆ ಅಲ್ಲಿ, ಮುಳುಗದೆ ಏಳದೆ ನಿಲ್ಲುತ್ತಿತ್ತು. ಪುಟ್ಟಸ್ವಾಮಯ್ಯ ಒಂದೊಂದು ಬೋಲ್ಟನ್ನೂ ಮುಟ್ಟಿ ನೋಡಿದರು. ಸಹಿ ಹಾಕಲು ಮಾತ್ರ ಅವರಿಗೆ ಅಧಿಕಾರವಿರಲಿಲ್ಲ. ಪಿಂಟೊ ಸಾಹೇಬರು ಹಾಕಿದರು. ಮೇಸ್ತ್ರಿ ಆ ಹೊತ್ತು ಹೊರಗೆ ಹೋಗಿ ನಿಂತರು.

ಎರಡನೇ ಪರೀಕ್ಷೆಯ ದಿನ ಬಂದರಿನಲ್ಲಿ ಪೆಟ್ಟಿಗೆಯ ಮುಚ್ಚಳ ತೆಗೆದರೆ ಮೊದಲು ಹೊರಗೆ ಬಂದದ್ದು ಇರುವೆಗಳ ಸಾಲು. ಮಂಡ್ಯದ ಇರುವೆಗಳು, ಟಿಕೆಟ್ಟಿಲ್ಲದೆ ಬಂದಿದ್ದವು. ದೊಡ್ಡ ಸಾಹೇಬರು ಹುಬ್ಬು ಗಂಟಿಕ್ಕಿದರು. ಬಂದರಿನ ತಳದಲ್ಲಿ ಅವರು ನಮಗೆ ಹೇಳದೆ ಕೆಲವು ವಸ್ತು ಮುಳುಗಿಸಿದ್ದರು, ಎಲ್ಲಿ ಏನು ಎಂದು ಅವರಿಗೊಬ್ಬರಿಗೇ ಗೊತ್ತು. ಹಾವುಮೀನು ಅವನ್ನು ನೋಡಿಕೊಂಡು ಬರಬೇಕು. ಮೂರು ದೋಣಿಗಳಲ್ಲಿ ದುರ್ಬೀನು ಹಿಡಿದವರು, ಅದು ಎಲ್ಲಾದರೂ ಕಾಣುತ್ತದೋ ಎಂದು ಕಾಯುತ್ತಿದ್ದರು.

ಇಳಿಸಿದೆವು. ಒಂದು ಗುಳ್ಳೆ ಬಂತು. ಆಮೇಲೆ ಬರೀ ನೀರು.

ಬೆನ್ನು ಕಾಣಲಿಲ್ಲ, ಫ್ಯಾನು ಕಾಣಲಿಲ್ಲ, ನೀರಿನ ಮೇಲೆ ಗೀರು ಕೂಡ ಇಲ್ಲ. ಮೂರು ದೋಣಿಯವರೂ ಒಬ್ಬರಾದ ಮೇಲೆ ಒಬ್ಬರು, ಏನೂ ಕಾಣದೆಂದು ಬಾವುಟ ಆಡಿಸಿದರು. ನನಗೆ ಹಾಡಬೇಕೆನಿಸಿತು. ಆದರೆ ಗಡಿಯಾರದ ಲೆಕ್ಕದ ಹೊತ್ತು ಮೀರಿತು, ಹಾವುಮೀನು ಬರಲಿಲ್ಲ. ಇನ್ನೂ ಐದು ನಿಮಿಷ ಹೋಯಿತು. ತಳಕ್ಕೆ ಕೂತೇಬಿಟ್ಟಿತೇ ಎಂದು ನಾನು ಹಗ್ಗ ಹುಡುಕತೊಡಗಿದೆ. ಮೇಸ್ತ್ರಿ ಬಂದರಿನ ಕಟ್ಟೆಯ ತುದಿಯಲ್ಲಿ ನಿಂತಿದ್ದವರು, ತಿರುಗಿ ನೋಡದೆಯೇ ಹೇಳಿದರು:

"ಬತ್ತದೆ ಬುಡ್ಲಾ. ಎಲ್ಲಾನೂ ಮುಟ್ಟಿ ನೋಡಿವ್ನಿ."

ಅವರ ಮಾತು ಮುಗಿಯುತ್ತಿದ್ದಂತೆ, ಕಟ್ಟೆಯಿಂದ ಇಪ್ಪತ್ತು ಮಾರು ದೂರದಲ್ಲಿ ಹಾವುಮೀನು ಮೂತಿ ಎತ್ತಿತು. ಒಳಗಿನ ಗಡಿಯಾರ ನಿಧಾನವಾಗಿ ಓಡಿದ್ದಕ್ಕೆ ತಡವಾಗಿತ್ತು ಅಷ್ಟೆ. ನಾನು ಕೂಗಿದ ಕೂಗಿಗೆ ದೊಡ್ಡ ಸಾಹೇಬರು ಬೆಚ್ಚಿದರು.

ಕಟ್ಟೆಯ ಪಕ್ಕದಲ್ಲಿ ನಿಂತಿದ್ದ ಹಡಗಿನೊಳಗೇ ಫಿಲಂ ತೊಳೆದು, ಒದ್ದೆ ಫೋಟೋಗಳನ್ನು ಮೇಜಿನ ಮೇಲೆ ಹರಡಿದರು. ಮರಳು, ಮರಳು, ಒಂದು ಪೀಪಾಯಿ. ಮತ್ತೆ ಮರಳು, ಇನ್ನೊಂದು ಪೀಪಾಯಿ. ಹೀಗೆ ನಾಲ್ಕು. ದೊಡ್ಡ ಸಾಹೇಬರು ತಮ್ಮ ಕಿಸೆಯ ಚೀಟಿಯನ್ನು ನೋಡಿ, ನಾಲ್ಕೇ, ಸರಿ ಎಂದರು. ಪಿಂಟೊ ಸಾಹೇಬರು ಇನ್ನೂ ಒಂದು ಫೋಟೋವನ್ನು ಅವರ ಮುಂದೆ ತಳ್ಳಿದರು. ಅದರಲ್ಲಿ ಮರಳಿನಲ್ಲಿ ಅರ್ಧ ಹೂತ ಒಂದು ದೊಡ್ಡ ಲಂಗರು ಇತ್ತು, ಅದರ ಸರಪಳಿ ಸಮೇತ. ಹಾಗೊಂದು ಲಂಗರು ಅಲ್ಲಿದೆಯೆಂದು ಬಂದರಿನ ಯಾರಿಗೂ ಗೊತ್ತಿರಲಿಲ್ಲ. ಮುಳುಗುವವನನ್ನು ಕಳಿಸಿದರು. ಅವನು ಮೇಲೆ ಬಂದು, ಇದೆ ಎಂದು ತಲೆ ಆಡಿಸಿದ. ಆಗ ಆ ಕೋಣೆಯಲ್ಲಿ ಎದ್ದ ಗದ್ದಲ ಹೇಳತೀರದು. ಇಟ್ಟದ್ದನ್ನು ಹುಡುಕುವುದು ದೊಡ್ಡದಲ್ಲ, ಯಾರಿಗೂ ಗೊತ್ತಿಲ್ಲದ್ದನ್ನು ನೋಡಿ ಬರುವುದೇ ನಮ್ಮ ಕೆಲಸ. ನಮ್ಮ ಹಾವುಮೀನು ಅದನ್ನೇ ಮಾಡಿತ್ತು.

ಗದ್ದಲ ಇಳಿದ ಮೇಲೆ ಪಿಂಟೊ ಸಾಹೇಬರು ಜೇಬಿನಿಂದ ನನ್ನ ಕಾಗದ ತೆಗೆದು ಇಂಗ್ಲಿಷಿನಲ್ಲಿ ಓದಿದರು. ಕಾರಣ ಹೇಳದೆ ಅಪ್ಪಣೆ ಮಾತ್ರ ಕೊಟ್ಟದ್ದು ತಮ್ಮ ತಪ್ಪು ಎಂದೂ ಸೇರಿಸಿದರು. ತನ್ನ ಮೇಲಿನವನ ಮುಂದೆ ಹೀಗೆ ಹೇಳಿದ ಅಧಿಕಾರಿಯನ್ನು ಆಮೇಲೆ ಮೂವತ್ತು ವರ್ಷದಲ್ಲಿ ಇನ್ನೊಬ್ಬರನ್ನು ಕಾಣಲಿಲ್ಲ. ದೊಡ್ಡ ಸಾಹೇಬರು ನನ್ನನ್ನು ಮುಂದೆ ಕರೆದರು. ಸಮುದ್ರದಿಂದ ಅಷ್ಟು ದೂರದ ಊರಿನಲ್ಲಿ ಸಮುದ್ರ ಎಲ್ಲಿಂದ ತಂದಿರಿ ಎಂದು ಕೇಳಿದರು. ಪಿಂಟೊ ಸಾಹೇಬರು ವಿವರಿಸಿದರು. ಅವರಿಗೆ ನಂಬಿಕೆ ಬರಲಿಲ್ಲ. ಎಲ್ಲರನ್ನೂ ಕಟ್ಟೆಗೆ ಕರೆದುಕೊಂಡು ಹೋಗಿ, ಹಾವುಮೀನಿನ ಪೆಟ್ಟಿಗೆಯ ತಳದಲ್ಲಿ ಒಣಗಿ ಅಂಟಿಕೊಂಡಿದ್ದ ಕಪ್ಪನ್ನು ಬೆರಳಲ್ಲಿ ಕೆರೆದು ನಾಲಿಗೆಗೆ ಇಟ್ಟುಕೊಂಡರು. ಮೊದಲ ಸಲ ಅವರು ನಕ್ಕದ್ದು ಕಂಡೆ. ಪುಟ್ಟಸ್ವಾಮಯ್ಯನವರ ಹೆಸರಿನ ಮುಂದೆ ಬರೆದದ್ದನ್ನು ಅಲ್ಲೇ ನಿಂತು ಹೊಡೆದುಹಾಕಿ, ಪೆನ್ನನ್ನು ಮೇಸ್ತ್ರಿಯ ಕೈಗೆ ಕೊಟ್ಟರು. ನನಗೆ ಒಂದು ವಾರದ ಸಂಬಳ ಕಡಿತ ಎಂದರು. ಅಷ್ಟು ಸಂತೋಷದಿಂದ ಶಿಕ್ಷೆ ತೆಗೆದುಕೊಂಡವರು ಯಾರೂ ಇರಲಾರರು.

ಯುದ್ಧ ಮುಗಿಯಿತು. ಎರಡು ವರ್ಷಕ್ಕೆ ಬಾವುಟವೂ ಬದಲಾಯಿತು. ಶೆಡ್ಡು ಕರಾವಳಿಗೆ ಹೋಯಿತು, ಅದರ ಹಿಂದೆ ನಾನೂ ಹೋದೆ. ಕಾಕಂಬಿ ಹೋಗಿ ಉಪ್ಪು ಬಂತು, ಗಾಜಿನ ಕಡ್ಡಿ ಹೋಗಿ ಮುಳ್ಳಿನ ಮೀಟರು ಬಂತು. ಎರಡು ಪದ್ಧತಿ ಮಾತ್ರ ನಾನಿರುವವರೆಗೂ ಬದಲಾಗಲು ಬಿಡಲಿಲ್ಲ. ಯಾವ ಯಂತ್ರವೇ ಆಗಲಿ, ಸಮುದ್ರಕ್ಕೆ ಹೋಗುವ ಮೊದಲು ಗುಂಡಿಗೆ ಇಳಿಯಬೇಕು. ಯಾವ ಅಪ್ಪಣೆಯೇ ಆಗಲಿ, ಅದರ ಕೆಳಗೆ ಏಕೆ ಎಂಬುದನ್ನು ಒಂದು ಸಾಲಿನಲ್ಲಿ ಬರೆಯಬೇಕು.

ಅಂದು ಕಟ್ಟೆಯ ಮೇಲಿನದನ್ನು ಹೇಳಿ ಮುಗಿಸುತ್ತೇನೆ. ಪೆನ್ನು ಹಿಡಿದ ಮೇಸ್ತ್ರಿ, ಪಿಂಟೊ ಸಾಹೇಬರು ಸಹಿ ಹಾಕಿದ್ದ ತೂಕದ ಹಾಳೆಯನ್ನು ಪೆಟ್ಟಿಗೆಯ ಮೇಲೆ ಹರಡಿಕೊಂಡರು. ಮತ್ತೊಮ್ಮೆ ಹಾವುಮೀನಿನ ಮುಚ್ಚಳ ತೆಗೆಸಿ, ಎರಡು ಗಟ್ಟಿಗಳ ಮೇಲೂ ಬೆರಳಿಟ್ಟು ನೋಡಿದರು. ನಿಧಾನವಾಗಿ, ಅಕ್ಷರ ಅಕ್ಷರ ಬಿಡಿಸಿ ತಮ್ಮ ಹೆಸರು ಬರೆದರು. ಬರೆದು, ಪೆನ್ನನ್ನು ನನ್ನ ಕಡೆ ಚಾಚಿದರು. ಫಿಟ್ಟರುಗಳಿಗೆ ಆ ಹಾಳೆಯಲ್ಲಿ ಜಾಗವಿರಲಿಲ್ಲ, ಅದುವರೆಗೆ ಯಾರೂ ನನ್ನ ಸಹಿ ಕೇಳಿರಲಿಲ್ಲ.

"ನಾನ್ಯಾಕೆ ಮೇಸ್ತ್ರಿ?" ಎಂದೆ.

"ನೀನೂ ಮುಟ್ಟಿ ನೋಡಿದ್ದೀ ತಾನೆ?"

"ನೋಡಿವ್ನಿ."

"ಎಲ್ಲಾ ಇದ್ದಂಗೇ ಅದೇನ್ಲಾ?"

ಅದೇ ಪ್ರಶ್ನೆ, ಅದೇ ಮಾತಿನಲ್ಲಿ. ನನ್ನ ಕಣ್ಣಲ್ಲಿ ನೀರು ತುಂಬಿ ಹಾಳೆ ಮಂಜಾಯಿತು.

"ಅದೆ ಮೇಸ್ತ್ರಿ" ಎಂದೆ. ಅವರ ಹೆಸರಿನ ಕೆಳಗೆ ನನ್ನ ಹೆಸರು ಬರೆದೆ.